ನೂರು ರೂಪಾಯಿಯ ಪೆಟ್ರೋಲ್

ಮಾನ್ಯರೇ, ಆತ್ಮೀಯ ವಿದ್ಯಾರ್ಥಿಗಳೇ,

2024ರ ಜೂನ್ 15ರ ಶನಿವಾರ ರಾಜ್ಯ ಸರ್ಕಾರವು ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು ಶೇ 25.92ರಿಂದ ಶೇ 29.84ಕ್ಕೂ, ಡೀಸೆಲ್ ಮೇಲಿನದನ್ನು ಶೇ 14.34ರಿಂದ ಶೇ 18.44ಕ್ಕೂ ಏರಿಸಿತು. ಲೀಟರಿಗೆ ಸುಮಾರು 3 ರೂಪಾಯಿ ಹೆಚ್ಚಾಯಿತು. ಅದಾಗಿ ಕೆಲವೇ ದಿನಗಳಲ್ಲಿ, ಕಲಬುರಗಿಯ ಸೇಡಂ ರಸ್ತೆಯ ಒಂದು ಪಂಪಿನಲ್ಲಿ ನಾನು ಸರದಿಯಲ್ಲಿ ನಿಂತಿದ್ದಾಗ ನನ್ನ ಮುಂದಿದ್ದ ಯುವಕನೊಬ್ಬ, "ನೂರ್ ರೂಪಾಯಿದ್ ಹಾಕಿಸ್ದ್ರ ಮೊದಲಿನಂಗ ಬರವಲ್ದು, ಅಳತಿ ಕಮ್ಮಿ ಕೊಡಾಕತ್ತೀರಿ" ಎಂದು ಜಗಳಕ್ಕೆ ನಿಂತ. ಪಂಪಿನವರು ಬೇಸರಿಸದೆ, ಕಾನೂನು ಮಾಪನ ಇಲಾಖೆಯ ಮುದ್ರೆಯುಳ್ಳ 5 ಲೀಟರಿನ ಅಳತೆಪಾತ್ರೆಯನ್ನು ತಂದು, ಅವನ ಕಣ್ಣೆದುರೇ ತುಂಬಿ ತೋರಿಸಿದರು. ಪೆಟ್ರೋಲ್ ಗೆರೆಗೆ ಸರಿಯಾಗಿ ನಿಂತಿತು. ಅವನು ಆ ಗೆರೆಯನ್ನು ಬಗ್ಗಿ ನೋಡಿ, ಏನೂ ಹೇಳದೆ ಗಾಡಿ ಚಾಲೂ ಮಾಡಿಕೊಂಡು ಹೋದ.

ದರ ಏರಿದ್ದು ಅವನಿಗೆ ತಿಳಿಯದ ಸಂಗತಿಯಾಗಿರಲಿಲ್ಲ. ಆದರೆ ಅವನು ಪೆಟ್ರೋಲನ್ನು ಲೀಟರಿನಲ್ಲಿ ಕೊಳ್ಳುವವನಲ್ಲ, ರೂಪಾಯಿಯಲ್ಲಿ ಕೊಳ್ಳುವವನು. ನೂರಕ್ಕೆ ಹೆಚ್ಚುಕಡಿಮೆ ಒಂದು ಲೀಟರ್ ಸಿಗುತ್ತಿದ್ದ ಜಾಗದಲ್ಲಿ 30 ಮಿಲಿಲೀಟರ್ ಕಡಿಮೆಯಾದರೆ, ಲೀಟರಿಗೆ 50 ಕಿಲೋಮೀಟರ್ ಓಡುವ ಗಾಡಿ ಒಂದೂವರೆ ಕಿಲೋಮೀಟರ್ ಮೊದಲೇ ರಿಸರ್ವಿಗೆ ಬರುತ್ತದೆ. ಜೇಬಿನಿಂದ ಹೋದ ಹಣ ಅಷ್ಟೇ ಇರುವುದರಿಂದ ಅವನ ಅನುಮಾನ ದರದ ಕಡೆಗೆ ಹೋಗದೆ ಅಳತೆಯ ಕಡೆಗೆ ಹೋಯಿತು. ಬೆಲೆ ಏರಿಕೆಗೆ ಸವಾರರು ಹೇಗೆ ಸ್ಪಂದಿಸುತ್ತಾರೆ ಎಂಬುದನ್ನು ಅರಿಯಲು ಹೊರಟವರು ಮೊದಲು ಈ ನೂರು ರೂಪಾಯಿಯ ನೋಟನ್ನು ಗಮನಿಸಬೇಕೆಂಬುದು ನನ್ನ ಅಭಿಪ್ರಾಯ.

ಬೆಲೆ ಏರಿತೆಂದರೆ ನಮ್ಮ ಕಣ್ಣಿಗೆ ಮೊದಲು ಬರುವ ಚಿತ್ರ ಪಂಪಿನ ಮುಂದಿನ ಸಾಲು. 2017ರ ಜೂನ್ 16ರಂದು ದಿನವಹಿ ದರ ಪರಿಷ್ಕರಣೆ ದೇಶವ್ಯಾಪಿ ಜಾರಿಗೆ ಬರುವ ಮುಂಚೆ ಹದಿನೈದು ದಿನಕ್ಕೊಮ್ಮೆ ದರ ಬದಲಾಗುತ್ತಿತ್ತು. ನಡುರಾತ್ರಿಯಿಂದ ಏರಿಕೆ ಎಂಬ ಸುದ್ದಿ ಸಂಜೆ ಟಿವಿಯಲ್ಲಿ ಬಂದರೆ ಸಾಕು, ಊಟ ಬಿಟ್ಟು ಗಾಡಿ ತೆಗೆಯುತ್ತಿದ್ದ ನೆನಪು ಇಲ್ಲಿರುವ ಹಿರಿಯರಿಗೆ ಇದ್ದೇ ಇದೆ. ಎಂಟು ಲೀಟರ್ ಹಿಡಿಯುವ ಟ್ಯಾಂಕಿಗೆ 3 ರೂಪಾಯಿಯಂತೆ ಉಳಿಯುತ್ತಿದ್ದುದು ಹೆಚ್ಚೆಂದರೆ 24 ರೂಪಾಯಿ. ಇದನ್ನು ದಡ್ಡತನವೆನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ದರದ ವಿಷಯದಲ್ಲಿ ಸಾಮಾನ್ಯನ ಕೈಯಲ್ಲಿದ್ದುದು ಆ ಒಂದು ಸಂಜೆ ಮಾತ್ರ. ಈಗ ಅದೂ ಉಳಿದಿಲ್ಲ. 2022ರ ಮಾರ್ಚ್ 22ರಿಂದ ಏಪ್ರಿಲ್ 6ರವರೆಗೆ ಬಹುಪಾಲು ದಿನ 80 ಪೈಸೆಯಂತೆ ಏರುತ್ತಾ ಲೀಟರಿಗೆ ಒಟ್ಟು 10 ರೂಪಾಯಿ ಹೆಚ್ಚಾಯಿತು. 80 ಪೈಸೆಗೆಂದು ರಾತ್ರಿ ಯಾರು ಸಾಲು ನಿಂತಾರು?

ಆಯ್ಕೆ ಇರುವವರ ರೀತಿಯೇ ಬೇರೆ. 2021ರ ನವೆಂಬರಿನಲ್ಲಿ ಕೇಂದ್ರವು ಸುಂಕ ಇಳಿಸಿದಾಗ ಕರ್ನಾಟಕವೂ ಲೀಟರಿಗೆ 7 ರೂಪಾಯಿ ಇಳಿಸಿತು, ತೆಲಂಗಾಣ ಇಳಿಸಲಿಲ್ಲ. ಬೆಂಗಳೂರಿಗೂ ಹೈದರಾಬಾದಿಗೂ ಡೀಸೆಲ್ ದರದಲ್ಲಿ 9 ರೂಪಾಯಿಗೂ ಹೆಚ್ಚು ಅಂತರವಾಯಿತು. ಪುಣೆ–ಹೈದರಾಬಾದ್ ಹೆದ್ದಾರಿಯಲ್ಲಿ ಸಾಗುವ ಲಾರಿಗೆ ಕರ್ನಾಟಕದ ಗಡಿಯೊಳಗಿನ ಹುಮನಾಬಾದಿನಲ್ಲಿ 300 ಲೀಟರ್ ತುಂಬಿಸಿಕೊಂಡರೆ 2,700 ರೂಪಾಯಿಯಷ್ಟು ಉಳಿತಾಯವಾಗುತ್ತಿತ್ತು. ಇಂಥ ಚಾಲಕನಿಗೆ ಗಡಿಯೇ ರಿಯಾಯಿತಿ.

ಗಡಿ ದಾಟದ, ಹಳ್ಳಿಯ ಜನರನ್ನು ಸಾಗಿಸುವ ಮೂರು ಚಕ್ರದ ಟಂಟಂ ಗಾಡಿಯ ಚಾಲಕನ ಪಾಡು ನನ್ನನ್ನು ಹೆಚ್ಚು ಕಾಡುತ್ತದೆ. ಅರ್ಥಶಾಸ್ತ್ರದಲ್ಲಿ ಇಂಧನದ ಬೇಡಿಕೆ ಅಲ್ಪಾವಧಿಯಲ್ಲಿ ಬೆಲೆಗೆ ತಕ್ಕಷ್ಟು ಬಗ್ಗುವುದಿಲ್ಲ, ಅಂದರೆ ದರ ಏರಿದಷ್ಟು ಬಳಕೆ ಇಳಿಯುವುದಿಲ್ಲ ಎನ್ನುತ್ತೇವೆ. ಬಗ್ಗದಿದ್ದರೆ ಆ ಹೊರೆ ಎಲ್ಲಿಗೆ ಹೋಗುತ್ತದೆ? ಹಳ್ಳಿಯಿಂದ ಕಲಬುರಗಿಗೆ ಬಾಡಿಗೆ 20 ರೂಪಾಯಿ ಎಂದುಕೊಳ್ಳಿ. ಇಂಧನ ಶೇ 3ರಷ್ಟು ಏರಿತೆಂದು ಅವನು 60 ಪೈಸೆ ಹೆಚ್ಚಿಗೆ ಕೇಳಲಾರ. ಏರಿಸುವುದಾದರೆ ಒಮ್ಮೆಲೇ 25 ಮಾಡಬೇಕು, ಹಾಗೆ ಮಾಡಿದರೆ ಸೀಟುಗಳು ಪಕ್ಕದ ಗಾಡಿಗೆ ಹೋಗುತ್ತವೆ. ಆದ್ದರಿಂದ ಅವನು ಬಾಡಿಗೆಯನ್ನು ಮುಟ್ಟದೆ ಕಾಯುತ್ತಾನೆ. ನಾಲ್ವರು ಕುಳಿತರೆ ಹೊರಡುತ್ತಿದ್ದವನು ಆರು ಜನಕ್ಕಾಗಿ ಕಾಯುತ್ತಾನೆ, ತನ್ನ ಸೀಟಿನ ಎರಡೂ ಬದಿಗೆ ಒಬ್ಬೊಬ್ಬರನ್ನು ಕೂರಿಸಿಕೊಳ್ಳುತ್ತಾನೆ, ಇಳಿಜಾರಿನಲ್ಲಿ ಎಂಜಿನ್ ಆರಿಸುತ್ತಾನೆ. ದರ ಏರಿಕೆಯನ್ನು ಪ್ರಯಾಣಿಕರು ಹಣದಲ್ಲಿ ಕೊಡದೆ ಸಮಯದಲ್ಲಿಯೂ ಅಪಾಯದಲ್ಲಿಯೂ ಕೊಡುತ್ತಾರೆ. ಇದು ಯಾವ ಮಾರಾಟದ ಲೆಕ್ಕದಲ್ಲಿಯೂ ಕಾಣುವುದಿಲ್ಲ.

2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಮಹಿಳೆಯರಿಗೆ ಸರ್ಕಾರಿ ಬಸ್ಸಿನ ಪ್ರಯಾಣ ಉಚಿತವಾದ ಮೇಲೆ, ಬಸ್ಸು ಬರುವ ಊರುಗಳಲ್ಲಿ ಡೀಸೆಲ್ ದರದ ಬಿಸಿ ಅವರಿಗೆ ನೇರವಾಗಿ ತಟ್ಟುವುದು ತಪ್ಪಿದೆ, ಇದು ದೊಡ್ಡ ಸಮಾಧಾನ. ಬಸ್ಸು ಬಾರದ ಹೊತ್ತಿನಲ್ಲಿ ಮಾತ್ರ ಅದೇ ಟಂಟಂ. ತೊಗರಿಯ ಸುಗ್ಗಿಯಲ್ಲಿ ಕೂಲಿ ಮುಗಿಸಿ ಕತ್ತಲಾಗುವ ಮುಂಚೆ ಮನೆ ಸೇರಬೇಕಾದ ಹೆಣ್ಣುಮಕ್ಕಳು ಅದರಲ್ಲಿ ಬುತ್ತಿಗಂಟು ತೊಡೆಯ ಮೇಲಿಟ್ಟುಕೊಂಡು ಕೂತಿರುತ್ತಾರೆ. "ಇನ್ನೆಷ್ಟೊತ್ತೋ ತಮ್ಮಾ?" ಎಂದು ಒಬ್ಬರು ಕೇಳುತ್ತಾರೆ. "ಇನ್ನೆರಡು ಸೀಟ್ ಆಗ್ಲಿ ಬೇ, ಬಿಟ್ಟೇ ಬಿಡ್ತೀನಿ" ಎನ್ನುತ್ತಾ ಅವನು ರಸ್ತೆಯ ಕಡೆ ನೋಡುತ್ತಾನೆ.