ಮೀನು ಘಟ್ಟ ಹತ್ತುತ್ತದೆ, ಸುದ್ದಿ ಹತ್ತುವುದಿಲ್ಲ

(ಪತ್ರಿಕಾ ದಿನಾಚರಣೆಯಂದು ಚಿಕ್ಕಮಗಳೂರಿನಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಎಲ್ಲರಿಗೂ ನಮಸ್ಕಾರ. ಇಂಥ ಮಳೆಯಲ್ಲೂ ಇಷ್ಟು ಜನ ಬಂದಿದ್ದೀರಿ, ಸಂತೋಷ. ತಗಡಿನ ಮೇಲೆ ಮಳೆ ಹೊಡೆಯುವ ಸದ್ದಿಗೆ ನನ್ನ ಮಾತು ಕೇಳಿಸದಿದ್ದರೆ ಹಿಂದಿನ ಸಾಲಿನವರು ಕೈ ಎತ್ತಿ. ಮುಂದಿನ ಸಾಲಿನವರಿಗೆ ಕೇಳಿಸದಿದ್ದರೆ ಅವರು ನಿದ್ದೆ ಹೋಗಿದ್ದಾರೆ ಅಂತ ತಿಳಿದುಕೊಳ್ಳುತ್ತೇನೆ.

ಈ ಸಲ ಸಮುದ್ರದ ಸುದ್ದಿ ಮಾಡುವವರ ಬಗ್ಗೆ ಮಾತಾಡುತ್ತೇನೆ ಅಂದಾಗ ಸಂಘಟಕರು ಫೋನಿನಲ್ಲಿ ಸ್ವಲ್ಪ ಹೊತ್ತು ಸುಮ್ಮನಾದರು. ಆಮೇಲೆ, "ಸಾರ್, ಆನೆ ಕಾಟದ ಬಗ್ಗೆ ಇಟ್ಕೊಂಡ್ರೆ ಜನ ಜಾಸ್ತಿ ಬರ್ತಾರೆ" ಅಂದರು. ಬರುತ್ತಾರೆ, ನಿಜ. ಆದರೆ ಆನೆ ವಿಷಯದಲ್ಲಿ ನನಗಿಂತ ಹೆಚ್ಚು ತಿಳಿದವರು ಇಲ್ಲೇ ಕೂತಿದ್ದಾರೆ. ಅದೂ ಅಲ್ಲದೆ ಇವತ್ತು ಜುಲೈ 1. 1843ರಲ್ಲಿ ಇದೇ ದಿನ ಹರ್ಮನ್ ಮೋಗ್ಲಿಂಗ್ 'ಮಂಗಳೂರ ಸಮಾಚಾರ' ಶುರು ಮಾಡಿದರು ಅಂತ ವರ್ಷ ವರ್ಷ ಹೇಳುತ್ತೇವೆ, ಹಾರ ಹಾಕುತ್ತೇವೆ, ಉಪ್ಪಿಟ್ಟು ತಿಂದು ಹೋಗುತ್ತೇವೆ. ಕನ್ನಡದ ಮೊದಲ ಪತ್ರಿಕೆ ಹುಟ್ಟಿದ್ದು ಒಂದು ಬಂದರಿನ ಊರಿನಲ್ಲಿ. ಆಮೇಲೆ ಕನ್ನಡ ಪತ್ರಿಕೆಗಳು ಘಟ್ಟ ಹತ್ತಿದವು, ದೊಡ್ಡದಾದವು, ಸಮುದ್ರಕ್ಕೆ ಬೆನ್ನು ಹಾಕಿದವು. ಇದು ನನ್ನ ಹಳೆಯ ಜಗಳ. ಇವತ್ತು ಮೈಕ್ ಸಿಕ್ಕಿದೆ, ಬಿಡುವುದಿಲ್ಲ.

ನಮ್ಮ ಬೀದಿಗೆ ಬೈಕಿನಲ್ಲಿ ಮೀನು ತರುವ ಒಬ್ಬರಿದ್ದಾರೆ. ಹಿಂದೆ ಥರ್ಮಾಕೋಲ್ ಡಬ್ಬಿ, ಮೇಲೆ ಗೋಣಿ, ಅದರ ಮೇಲೆ ತಕ್ಕಡಿ. ಹಾರ್ನ್ ಕೇಳಿದ ಕೂಡಲೇ ನಮ್ಮ ಬೀದಿಯ ಬೆಕ್ಕುಗಳೆಲ್ಲ ಕಾಂಪೌಂಡ್ ಮೇಲೆ ಹಾಜರು. ಮೊನ್ನೆ ಬಂಗುಡೆ ಎತ್ತಿ ಕಿವಿರು ಬಿಡಿಸಿ ತೋರಿಸಿದರು. ಕೆಂಪು ಸ್ವಲ್ಪ ಮಾಸಿತ್ತು. "ಇದು ಮಂಗಳೂರಿಂದಲ್ಲ ಸಾರ್, ಮದ್ರಾಸ್ ಕಡೆದು" ಅಂದರು. ಯಾಕೆ ಅಂತ ಕೇಳಿದೆ. ನಮ್ಮ ಕಡಲಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಆ ಕಡೆಯ ಕಡಲಲ್ಲಿ ನಿಷೇಧ ಜೂನ್ 14ಕ್ಕೇ ಮುಗಿಯುತ್ತದೆ, ಅದಕ್ಕೆ ಈಗ ಆ ಕಡೆಯ ಮೀನು ಈ ಕಡೆ ಬರುತ್ತದೆ ಅಂತ ವಿವರಿಸಿದರು. ಡೀಸೆಲ್ ರೇಟು, ಗಾಳಿಯ ಎಚ್ಚರಿಕೆ, ಯಾವ ಬಂದರಿನಲ್ಲಿ ಹೂಳು ತುಂಬಿದೆ, ಎಲ್ಲ ಗೊತ್ತು ಅವರಿಗೆ. ಮನೆಗೆ ಬರುವ ಪತ್ರಿಕೆಯಲ್ಲಿ ಇದರ ಒಂದು ಸಾಲೂ ಇರುವುದಿಲ್ಲ.

ಕಾರಣ ನಿಮಗೇ ಗೊತ್ತಿದೆ. ಚಿಕ್ಕಮಗಳೂರಿಗೆ ಒಂದು ಪುಟ, ಹಾಸನಕ್ಕೆ ಒಂದು ಪುಟ, ಉಡುಪಿಗೆ ಇನ್ನೊಂದು. ಮಲ್ಪೆಯ ಸುದ್ದಿ ಮಲ್ಪೆಯವರಿಗೇ ಅಚ್ಚಾಗುತ್ತದೆ. ಮೀನು ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರದಲ್ಲಿ ಚಹಾ ಕುಡಿದು ಬೆಳಗ್ಗೆ ನಮ್ಮ ಮನೆ ಮುಂದೆ ನಿಲ್ಲುತ್ತದೆ. ಸುದ್ದಿ ಮಾತ್ರ ಉಜಿರೆಯಲ್ಲೇ ಇಳಿದುಕೊಳ್ಳುತ್ತದೆ.

ಇದಕ್ಕೆ ಪೂರ್ತಿ ಉಲ್ಟಾ ಕೆಲಸ ಮಾಡುವ ಒಂದು ತಂಡದ ಬಗ್ಗೆ ಹೇಳಬೇಕು. ಅಮೆರಿಕದ ವಾಷಿಂಗ್ಟನ್‌ನಲ್ಲಿ 'ದಿ ಔಟ್‌ಲಾ ಓಷನ್ ಪ್ರಾಜೆಕ್ಟ್' ಅಂತ ಒಂದು ಲಾಭರಹಿತ ಸಂಸ್ಥೆ ಇದೆ. ಕಟ್ಟಿದವರು ಇಯಾನ್ ಅರ್ಬಿನಾ, ಮೊದಲು 'ನ್ಯೂಯಾರ್ಕ್ ಟೈಮ್ಸ್' ವರದಿಗಾರ. ಬರೆಯುವವರು, ಕ್ಯಾಮೆರಾದವರು, ಚಿತ್ರ ಮಾಡುವವರು ಸೇರಿದ ತಂಡ. ಯಾವ ದೇಶದ ಪೊಲೀಸರೂ ಇಲ್ಲದ ನಡುಗಡಲಿನಲ್ಲಿ ಏನು ನಡೆಯುತ್ತದೆ ಅಂತ ಹೋಗಿ ನೋಡುವುದೇ ಅವರ ಕೆಲಸ. ಮಾಡಿದ ವರದಿಯನ್ನು ಒಂದೇ ಪತ್ರಿಕೆಗೆ ಕಟ್ಟಿಹಾಕದೆ ಹಲವು ದೇಶಗಳ ಪತ್ರಿಕೆಗಳಿಗೆ ಕೊಡುತ್ತಾರೆ.

ಅವರ ಬಾಟಲಿ ಕತೆ ನನಗೆ ಬಹಳ ಇಷ್ಟ. ಕೆಲವರು ಈಗಾಗಲೇ ನನ್ನ ಬಾಯಲ್ಲಿ ಕೇಳಿದ್ದೀರಿ, ಇನ್ನೊಮ್ಮೆ ಕೇಳಿ.

ದಕ್ಷಿಣ ಅಮೆರಿಕದ ಸುತ್ತಮುತ್ತ ಚೀನಾದ ಹಡಗುಗಳು ಸ್ಕ್ವಿಡ್ ಹಿಡಿಯುತ್ತವೆ. ನಮ್ಮ ಕರಾವಳಿಯವರು ಬೊಂಡಾಸ್ ಅನ್ನುತ್ತಾರಲ್ಲ, ಅದು. ರಾತ್ರಿ ಸಾಲಾಗಿ ನೂರಾರು ಬಲ್ಬ್ ಹಚ್ಚುತ್ತಾರೆ, ಬೆಳಕಿಗೆ ಸ್ಕ್ವಿಡ್ ಮೇಲೆ ಬರುತ್ತದೆ. ಹಡಗುಗಳು ತಿಂಗಳುಗಟ್ಟಲೆ ದಡಕ್ಕೇ ಬರುವುದಿಲ್ಲ. ಡೀಸೆಲ್ ನಡುನೀರಿಗೇ ಬರುತ್ತದೆ, ಹಿಡಿದ ಮೀನು ಅಲ್ಲಿಂದಲೇ ಇನ್ನೊಂದು ಹಡಗಿಗೆ ಏರುತ್ತದೆ. ಒಳಗಿನ ಕೂಲಿಗಳು ಎರಡು ವರ್ಷ ನೆಲ ಮುಟ್ಟದೇ ಇರುವುದೂ ಉಂಟು. ಇವರನ್ನು ಮಾತಾಡಿಸುವುದು ಹೇಗೆ? ಕೆಲವು ಕ್ಯಾಪ್ಟನ್‌ಗಳು ಹತ್ತಿಸಿಕೊಂಡರು. ಕೆಲವು ಹಡಗುಗಳು ಇವರನ್ನು ಕಂಡು ಓಟ ಕಿತ್ತವು. ಆಗ ಈ ತಂಡದವರು ಏನು ಮಾಡಿದರು ಗೊತ್ತಾ? ಸಣ್ಣ ದೋಣಿಯಲ್ಲಿ ಹಡಗಿನ ಪಕ್ಕಕ್ಕೇ ಹೋದರು. ಒಂದು ಪ್ಲಾಸ್ಟಿಕ್ ಬಾಟಲಿ. ಎಸೆದರೆ ಗಾಳಿಗೆ ಹಾರಿಹೋಗಬಾರದು ಅಂತ ತೂಕಕ್ಕೆ ಒಳಗೆ ಒಂದಷ್ಟು ಅಕ್ಕಿ. ಜೊತೆಗೆ ಒಂದು ಪೆನ್ನು, ಸಿಗರೇಟು, ಪೆಪ್ಪರ್‌ಮೆಂಟು, ಪ್ರಶ್ನೆ ಬರೆದ ಚೀಟಿ. ಬಾಟಲಿಯನ್ನು ಬೀಸಿ ಹಡಗಿನ ಮೇಲಕ್ಕೆ ಎಸೆದರು. ಮೇಲಿದ್ದ ಹುಡುಗರು ಚೀಟಿ ಓದಿದರು. ಕೆಲವರು ಉತ್ತರ ಬರೆದು, ಊರಿನಲ್ಲಿರುವ ಮನೆಯವರ ಫೋನ್ ನಂಬರ್ ಸೇರಿಸಿ, ಬಾಟಲಿಯನ್ನು ವಾಪಸ್ ನೀರಿಗೆ ಎಸೆದರು. ಇವರು ಅದನ್ನು ಹೆಕ್ಕಿಕೊಂಡು ಬಂದು ಆ ಮನೆಗಳನ್ನು ಹುಡುಕಿದರು.

ನಮ್ಮಲ್ಲಿ ಪತ್ರಿಕಾಗೋಷ್ಠಿಗೆ ಪೆನ್ನು, ಫೋಲ್ಡರ್, ಸ್ವೀಟ್ ಬಾಕ್ಸ್ ಎಲ್ಲ ಕರೆದವರೇ ಕೊಡುತ್ತಾರೆ. ಅಲ್ಲಿ ವರದಿಗಾರನೇ ಪೆನ್ನನ್ನೂ ಪೆಪ್ಪರ್‌ಮೆಂಟನ್ನೂ ಕೊಡಬೇಕು. ನಗಬೇಡಿ, ನಮ್ಮ ಸಂಘದ ಪದಾಧಿಕಾರಿಗಳು ವೇದಿಕೆ ಮೇಲೇ ಇದ್ದಾರೆ.

ಅದೇ ಹಡಗುಗಳ ಲೋಕದಲ್ಲಿ ಇಂಡೊನೇಷ್ಯಾದ ಒಬ್ಬ ಹುಡುಗ ಇದ್ದ. ದುಡಿದು ಬರುತ್ತೇನೆ ಅಂತ ಸ್ಕ್ವಿಡ್ ಹಡಗು ಹತ್ತಿದವನು. 2021ರ ಮಾರ್ಚ್‌ನಲ್ಲಿ ಅವನನ್ನು ಉರುಗ್ವೆಯ ಮಾಂಟೆವಿಡಿಯೊ ಬಂದರಿನಲ್ಲಿ ಇಳಿಸಿದರು. ಕಾಲು ಊದಿತ್ತು, ನಿಲ್ಲಲು ಆಗುತ್ತಿರಲಿಲ್ಲ. ಆಸ್ಪತ್ರೆಗೆ ಸೇರಿಸಿದರೂ ಉಳಿಯಲಿಲ್ಲ. ಕಾಯಿಲೆ ಬೆರಿಬೆರಿ. ಪ್ರೈಮರಿ ಶಾಲೆಯ ವಿಜ್ಞಾನ ಪುಸ್ತಕದಲ್ಲಿ ಓದಿ ಮರೆತಿದ್ದೀರಲ್ಲ, ಅದೇ. ವಿಟಮಿನ್ ಬಿ1 ಕೊರತೆ. ತಿಂಗಳುಗಟ್ಟಲೆ ಪಾಲಿಶ್ ಮಾಡಿದ ಬಿಳಿ ಅನ್ನ, ನೂಡಲ್ಸ್ ಬಿಟ್ಟು ಬೇರೇನೂ ಹೊಟ್ಟೆಗೆ ಬೀಳದಿದ್ದರೆ ಬರುತ್ತದೆ. ಮಾತ್ರೆ ಬಹಳ ಅಗ್ಗ. ಅಕ್ಕಿಯನ್ನು ಬೇಯಿಸಿ ಒಣಗಿಸಿ ಆಮೇಲೆ ಮಿಲ್ ಮಾಡಿದರೆ ಬಿ1 ಸುಮಾರು ಉಳಿಯುತ್ತದೆ. ಕುಚ್ಚಲಕ್ಕಿ ಗಂಜಿ ಉಣ್ಣುವ ನಮ್ಮ ಕರಾವಳಿಯವರನ್ನು ಗೇಲಿ ಮಾಡುವ ಮೊದಲು ಇದನ್ನು ನೆನಪಿಟ್ಟುಕೊಳ್ಳಿ. ಮೀನು ತುಂಬಿದ ಹಡಗಿನಲ್ಲಿ ಊಟ ಸರಿ ಇಲ್ಲದೆ ಒಬ್ಬ ಸಾಯುತ್ತಾನೆ. ಯಾರೋ ಬೆನ್ನು ಹತ್ತಿ ಬರೆಯದಿದ್ದರೆ ಬಂದರಿನ ರಿಜಿಸ್ಟರಿನಲ್ಲಿ ಒಂದು ಸಾಲಾಗಿ ಮುಗಿದುಹೋಗುತ್ತಿದ್ದ.

ಇನ್ನೊಂದು ತಂಡ. ಎಪಿ, ಅಂದರೆ ಅಸೋಸಿಯೇಟೆಡ್ ಪ್ರೆಸ್ ಸುದ್ದಿಸಂಸ್ಥೆಯ ನಾಲ್ವರು ಪತ್ರಕರ್ತೆಯರು. 2015ರಲ್ಲಿ ಇಂಡೊನೇಷ್ಯಾದ ಬೆಂಜಿನಾ ಎಂಬ ದ್ವೀಪದ ಹಳ್ಳಿಯಲ್ಲಿ ಮೀನು ಹಿಡಿಯುವ ಕೂಲಿಗಳನ್ನು ಪಂಜರದಲ್ಲಿ ಕೂಡಿಹಾಕಿದ್ದನ್ನು ಕಂಡರು. ಹೆಚ್ಚಿನವರು ಮ್ಯಾನ್ಮಾರ್‌ನವರು. ಇವರು ಅಷ್ಟಕ್ಕೇ ಬರೆದು ಕೈ ತೊಳೆದುಕೊಳ್ಳಲಿಲ್ಲ. ಅಲ್ಲಿಂದ ಹೊರಟ ಹಡಗನ್ನು ಉಪಗ್ರಹದ ಸಿಗ್ನಲ್ ಹಿಡಿದು ಥಾಯ್ಲೆಂಡ್‌ವರೆಗೆ ಹಿಂಬಾಲಿಸಿದರು. ಅಲ್ಲಿ ರಾತ್ರಿ ಮೀನು ತುಂಬಿಕೊಂಡ ಲಾರಿಗಳ ಹಿಂದೆ ಹೋಗಿ ಯಾವ ಕಾರ್ಖಾನೆಗೆ ಹೋಗುತ್ತವೆ ಅಂತ ಬರೆದುಕೊಂಡರು. ಅಲ್ಲಿಂದ ಅಮೆರಿಕದ ಸೂಪರ್‌ಮಾರ್ಕೆಟ್‌ವರೆಗೆ ದಾರಿ ಸಿಕ್ಕಿತು. ಮಾತಾಡಿದ ಕೂಲಿಗಳು ಸುರಕ್ಷಿತ ಜಾಗಕ್ಕೆ ತಲುಪುವವರೆಗೆ ವರದಿಯನ್ನು ತಡೆಹಿಡಿದರು. ಬ್ರೇಕಿಂಗ್ ನ್ಯೂಸ್ ಗೆಳೆಯರು ಇದನ್ನು ಇನ್ನೊಮ್ಮೆ ಕೇಳಿಸಿಕೊಳ್ಳಿ: ಕೈಯಲ್ಲಿದ್ದ ಸುದ್ದಿಯನ್ನು ತಡೆಹಿಡಿದರು! 2,000ಕ್ಕೂ ಹೆಚ್ಚು ಜನ ಬಿಡುಗಡೆಯಾದರು. ಅಮೆರಿಕದ ದೊಡ್ಡ ಪತ್ರಿಕಾ ಪ್ರಶಸ್ತಿ, 2016ರ ಪುಲಿಟ್ಜರ್ ಬಂತು.

ಈಗ ಮನೆಗೆ ಬರೋಣ. 2018ರ ಡಿಸೆಂಬರ್‌ನಲ್ಲಿ ಮಲ್ಪೆಯಿಂದ 'ಸುವರ್ಣ ತ್ರಿಭುಜ' ದೋಣಿ ಹೊರಟಿತು. 7 ಮಂದಿ ಮೀನುಗಾರರು. ಎರಡೇ ದಿನದಲ್ಲಿ ಸಂಪರ್ಕ ತಪ್ಪಿತು. ಸಾವಿರಾರು ಮೀನುಗಾರರು ಹೆದ್ದಾರಿಗೆ ಇಳಿದರು. ಮಹಾರಾಷ್ಟ್ರದ ಮಾಲ್ವಣದ ಹತ್ತಿರ ಸಮುದ್ರದ ತಳದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಅವಶೇಷ ಪತ್ತೆ ಮಾಡಿದ್ದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೈದು ತಿಂಗಳು ನಮ್ಮ ಟಿವಿಗಳು ಏನು ತೋರಿಸಿದವು? ಆ ಮನೆಗಳ ಅಂಗಳ, ಅಳುವ ತಾಯಂದಿರು, ಸ್ಟುಡಿಯೊದಲ್ಲಿ ಊಹೆ. ನಾನು ತರಿಸುತ್ತಿದ್ದ ಪತ್ರಿಕೆಯ ಚಿಕ್ಕಮಗಳೂರು ಪುಟಕ್ಕಂತೂ ಅದು ಪರದೇಶದ ಸುದ್ದಿ. ನಮ್ಮ ವರದಿಗಾರರಲ್ಲಿ ದೋಣಿ ಹತ್ತಿದವರು ಯಾರು? ನನ್ನ ಪ್ರಶ್ನೆ ಇದೊಂದೇ. ದಡದಲ್ಲಿ ನಿಂತರೆ ದಡ ಮಾತ್ರ ಸಿಗುತ್ತದೆ.

2025ರ ಮೇನಲ್ಲಿ ಕೊಚ್ಚಿ ಹತ್ತಿರ ಎಂಎಸ್‌ಸಿ ಎಲ್ಸಾ 3 ಎಂಬ ಸರಕು ಹಡಗು ಮುಳುಗಿತು. 600ಕ್ಕೂ ಹೆಚ್ಚು ಕಂಟೇನರ್. ಕೆಲವುದರಲ್ಲಿ ನೀರು ತಾಗಿದರೆ ಉರಿಯುವ ಅನಿಲ ಬಿಡುವ ಕ್ಯಾಲ್ಸಿಯಂ ಕಾರ್ಬೈಡ್. ಕೇರಳದ ದಡದ ತುಂಬ ಸಾಬಕ್ಕಿಯಂಥ ಪ್ಲಾಸ್ಟಿಕ್ ಕಾಳು. ಮುಂದಿನ ತಿಂಗಳೇ ವಾನ್ ಹೈ 503 ಹಡಗಿಗೆ ಬೆಂಕಿ. ಪಾರಾದವರನ್ನು ತಂದದ್ದು ಮಂಗಳೂರಿಗೆ, ಅಂದರೆ ನಮ್ಮ ಕಾಫಿ ಹಡಗು ಹತ್ತುವ ಬಂದರಿಗೆ. ಕಾಫಿ ಅಂದ ಕೂಡಲೇ ಬೆಳೆಗಾರರೆಲ್ಲ ನೆಟ್ಟಗೆ ಕೂತರು, ನೋಡಿದೆ! 2023ರ ಕೊನೆಯಿಂದ ಕೆಂಪು ಸಮುದ್ರದಲ್ಲಿ ಯೆಮನ್‌ನ ಹೌತಿ ಬಂಡುಕೋರರ ದಾಳಿಯಾಗಿ ಹಡಗುಗಳು ಆಫ್ರಿಕಾ ಸುತ್ತಿ ಹೋಗಬೇಕಾದಾಗ ಬಾಡಿಗೆ ಏರಿದ್ದು ನಿಮಗೇ ಚೆನ್ನಾಗಿ ಗೊತ್ತು. ಬಾಬಾಬುಡನ್ ಯೆಮನ್‌ನಿಂದ 7 ಬೀಜ ತಂದರು ಅಂತ ಹೇಳುತ್ತೇವಲ್ಲ, ಹಡಗುಗಳ ಮೇಲೆ ಕ್ಷಿಪಣಿ ಹಾರಿದ್ದು ಅದೇ ಯೆಮನ್‌ನ ದಡದಿಂದ. ಸಮುದ್ರ ನಮಗೆ ಸಂಬಂಧವಿಲ್ಲದ್ದು ಅಂತ ಹೇಗೆ ಹೇಳುತ್ತೀರಿ?

ಅಧ್ಯಕ್ಷರು ಚೀಟಿ ಕಳಿಸಿದ್ದಾರೆ. 'ಐದು ನಿಮಿಷ' ಅಂತ ಬರೆದು ಕೆಳಗೆ ಗೆರೆ ಬೇರೆ ಎಳೆದಿದ್ದಾರೆ. ಹಾಗಾದರೆ ಥಂಡರ್ ಎಂಬ ಕಳ್ಳ ಮೀನುಹಡಗನ್ನು ಅಂಟಾರ್ಕ್ಟಿಕಾದಿಂದ 110 ದಿನ ಅಟ್ಟಿಸಿಕೊಂಡು ಹೋದ ಕತೆ ಬಿಟ್ಟೆ. ನಮ್ಮ ಕಡಲಿನಲ್ಲಿ ಬಲ್ಬ್ ಹಚ್ಚಿ ಮೀನು ಹಿಡಿಯುವ ಲೈಟ್ ಫಿಶಿಂಗ್ ಬಗ್ಗೆ ಒಂದೇ ಮಾತು: ಕೇಂದ್ರ ಸರ್ಕಾರ 2017ರಲ್ಲೇ ನಿಷೇಧಿಸಿದೆ, ನಾಡದೋಣಿಯವರು ಇನ್ನೂ ಮನವಿ ಕೊಡುತ್ತಲೇ ಇದ್ದಾರೆ. ಆಳಸಮುದ್ರದ ಗಣಿಗಾರಿಕೆ ಬಗ್ಗೆಯೂ ಹೇಳಬೇಕೆಂದಿದ್ದೆ. ಹಿಂದೂ ಮಹಾಸಾಗರದ ತಳದಲ್ಲಿ 75,000 ಚದರ ಕಿಲೋಮೀಟರ್ ಜಾಗದಲ್ಲಿ ನಿಕಲ್, ಕೋಬಾಲ್ಟ್ ಇರುವ ಗಡ್ಡೆಗಳನ್ನು ಹುಡುಕುವ ಹಕ್ಕು ಭಾರತಕ್ಕಿದೆ. ಕುದುರೆಮುಖದ ಗಣಿ 2005ರ ಕೊನೆಗೆ ನಿಂತಿತು. ಬೋಳಾದ ಗುಡ್ಡ, ಕೆಂಪಾದ ಭದ್ರೆ ಎಲ್ಲರ ಕಣ್ಣಿಗೆ ಕಂಡಿದ್ದವು, ಕೋರ್ಟಿಗೆ ಹೋಗುವವರೂ ಇದ್ದರು. ಐದು ಸಾವಿರ ಮೀಟರ್ ಕೆಳಗಿನದ್ದನ್ನು ಯಾರು ನೋಡುತ್ತಾರೆ? ಕ್ಯಾಮೆರಾ ಇಳಿಸುವವರು ಬೇಕು.

ವಿದ್ಯಾರ್ಥಿಗಳಿಗೆ ಎರಡು ಕೆಲಸ. ಒಂದು, 'ಗ್ಲೋಬಲ್ ಫಿಶಿಂಗ್ ವಾಚ್' ಅಂತ ಒಂದು ನಕ್ಷೆ ಇದೆ. ಹಡಗುಗಳು ಕಳಿಸುವ ಸಿಗ್ನಲ್ ಆಧರಿಸಿ ಎಲ್ಲಿ ಮೀನುಗಾರಿಕೆ ನಡೆಯುತ್ತಿದೆ ಅಂತ ತೋರಿಸುತ್ತದೆ, ದುಡ್ಡು ಕೊಡಬೇಕಾಗಿಲ್ಲ. ಹಾಸನದ ಹಾಸ್ಟೆಲ್‌ನಲ್ಲಿ ಕೂತೇ ನೋಡಬಹುದು. ಸಣ್ಣ ದೋಣಿಗಳು ಅದರಲ್ಲಿ ಕಾಣುವುದು ಕಡಿಮೆ, ಸಿಗ್ನಲ್ ಆಫ್ ಮಾಡಿಕೊಂಡ ಹಡಗನ್ನು ಸಿಗ್ನಲ್‌ನಿಂದ ಹಿಡಿಯಲು ಆಗುವುದಿಲ್ಲ. ಅದಕ್ಕೇ ಎರಡನೇ ಕೆಲಸ. ಆಗಸ್ಟ್ 1ಕ್ಕೆ ನಿಷೇಧ ಮುಗಿದು ದೋಣಿಗಳು ಹೊರಡುತ್ತವೆ. ಮಲ್ಪೆಯಲ್ಲಿ ನನಗೆ ಗೊತ್ತಿರುವ ಒಬ್ಬ ದೋಣಿ ಮಾಲೀಕರಿದ್ದಾರೆ. ಇಬ್ಬರನ್ನು ಹತ್ತಿಸಿಕೊಳ್ಳುತ್ತೇನೆ, ಅನುಮತಿ ಕಾಗದ ನೀವೇ ಮಾಡಿಸಿಕೊಳ್ಳಿ, ವಾಂತಿ ಮಾಡಿದರೆ ನೀವೇ ತೊಳೆಯಬೇಕು ಅಂದಿದ್ದಾರೆ. ಬರೆದು ತಂದರೆ ಚಿಕ್ಕಮಗಳೂರು ಪುಟದಲ್ಲಿ ಹಾಕುತ್ತೇವೆ ಅಂತ ಇಲ್ಲಿ ಕೂತಿರುವ ಸಂಪಾದಕರಲ್ಲಿ ಒಬ್ಬರಾದರೂ ಈಗಲೇ, ಎಲ್ಲರ ಮುಂದೆ ಹೇಳಬೇಕು. ಮೈಕ್ ಅವರ ಕಡೆ ಕೊಡಿ. ಹೆಸರು ಬರೆಸುವವರು ಆಮೇಲೆ ನನ್ನ ಹತ್ತಿರ ಬನ್ನಿ.