ಚಪ್ಪರ ಬಿಚ್ಚೋ ಕ್ರಮ

ನಮಸ್ಕಾರ ಕೇಳುಗರೆ. ನಾನು ಡ್ರೈವರ್ ಬರೆಯೋನು. ಬಸ್ಸಿನ ಡ್ರೈವರ್ ಅಲ್ಲ, ಒಂದು ಚಿಪ್ಪನ್ನ ಹೇಗೆ ಎಬ್ಬಿಸ್ಬೇಕು ಹೇಗೆ ಮಲಗಿಸ್ಬೇಕು ಅಂತ ಲಿನಕ್ಸ್ ಕರ್ನಲ್‌ಗೆ, ಅಂದ್ರೆ ಆಪರೇಟಿಂಗ್ ಸಿಸ್ಟಮ್ಮಿನ ತಿರುಳಿಗೆ, ಹೇಳಿಕೊಡೋ ಸಿ ಕೋಡು.

ಬೇರೆಯವ್ರ ಕೋಡ್ ರಿವ್ಯೂ ಮಾಡೋದೂ, ಅಂದ್ರೆ ಓದಿ ತಪ್ಪು ಹುಡುಕೋದೂ, ನಮ್ ಕೆಲ್ಸಾನೇ. ಕರ್ನಲ್‌ನಲ್ಲಿ ಕೋಡ್ ಹೇಗೆ ಬರೀಬೇಕು ಅನ್ನೋದಕ್ಕೆಲ್ಲ ರೂಲ್ಸ್ ಇದೆ. ಟ್ಯಾಬ್ ಅಂದ್ರೆ 8 ಅಕ್ಷರದಷ್ಟು ಜಾಗ, 3 ಹಂತಕ್ಕಿಂತ ಒಳಗೆ ಹೋಯ್ತು ಅಂದ್ರೆ ಫಂಕ್ಷನ್ನೇ, ಅಂದ್ರೆ ಕೋಡಿನ ಆ ತುಂಡೇ, ಕೆಟ್ಟಿದೆ ಅಂತ ಅರ್ಥ. ಸಾಲಿಗೆ 80 ಅಕ್ಷರ ದಾಟಿದ್ರೆ ಚೆಕ್‌ಪ್ಯಾಚ್ ಅನ್ನೋ ಸ್ಕ್ರಿಪ್ಟು ಬಯ್ತಿತ್ತು, 2020ರಲ್ಲಿ ಅದನ್ನ 100ಕ್ಕೆ ಏರಿಸಿದ್ರು. ಸ್ಪೇಸು, ಬ್ರೇಸು, ಇವನ್ನೆಲ್ಲ ಆ ಸ್ಕ್ರಿಪ್ಟೇ ಹಿಡಿಯುತ್ತೆ, ನಾವು ಅದ್ರಲ್ಲಿ ತಲೆ ಕೆಡಿಸ್ಕೊಳ್ಳೋದು ವೇಸ್ಟು. ಇದು ನಂಗೆ ಪೆಟ್ಟು ತಿಂದ್ಮೇಲೇ ಗೊತ್ತಾಗಿದ್ದು.

ಒಂದ್ಸಲ ಟೀಮಿನ ಹುಡುಗ ಒಬ್ಬ ಪ್ಯಾಚ್, ಅಂದ್ರೆ ಕೋಡಿಗೆ ಒಂದು ಬದಲಾವಣೆ, ಕಳ್ಸಿದ್ದ. ಪ್ರೋಬ್ ಫಂಕ್ಷನ್ನು, ಅಂದ್ರೆ ಚಿಪ್ ಎಬ್ಬಿಸೋ ಜಾಗ: ಮೊದ್ಲು ರೆಗ್ಯುಲೇಟರ್ (ಚಿಪ್ಪಿಗೆ ಕರೆಂಟು ಕೊಡೋದು) ಆನ್, ಆಮೇಲೆ ಕ್ಲಾಕ್ (ಚಿಪ್ಪಿನ ತಾಳ), ಕೊನೆಗೆ ಇಂಟರಪ್ಟ್ (ಚಿಪ್ಪು ಪ್ರೊಸೆಸರನ್ನ ಕರೆಯೋ ಬೆಲ್ಲು). ಮಧ್ಯ ಏನಾದ್ರೂ ಫೇಲಾದ್ರೆ ಗೋಟು, ಅಂದ್ರೆ ಬೇರೆ ಸಾಲಿಗೆ ಹಾರೋ ಆಜ್ಞೆ, ಹಾಕಿ ಕೆಳಗೆ ಹೆಸ್ರಿಟ್ಟ ಜಾಗಕ್ಕೆ (ಲೇಬಲ್) ಹಾರಿ ಉಲ್ಟಾ ಕ್ರಮದಲ್ಲಿ ಆಫ್ ಮಾಡ್ಕೊಂಡು ಬರ್ಬೇಕು. ಕಾಲೇಜಲ್ಲಿ ಗೋಟು ಮುಟ್ಲೇಬಾರ್ದು ಅಂತಾರಲ್ವಾ, ಕರ್ನಲ್‌ನಲ್ಲಿ ಇದಕ್ಕೆ ಅದೇ ಮರ್ಯಾದಸ್ಥ ದಾರಿ. ಮದುವೆ ಚಪ್ಪರ ಇದ್ದಂಗೆ, ಕಟ್ಟುವಾಗ ಚಪ್ಪರ ಮೊದ್ಲು ಸೀರಿಯಲ್ ಲೈಟ್ ಆಮೇಲೆ, ಬಿಚ್ಚುವಾಗ ಲೈಟು ಮೊದ್ಲು.

ಲೇಬಲ್‌ಗಳ ಹೆಸ್ರು ಎರ್ರ್ ಒಂದು, ಎರ್ರ್ ಎರಡು ಅಂತಿತ್ತು: ಒಂದು ರೆಗ್ಯುಲೇಟರ್ ಮಾತ್ರ ಆಫ್ ಮಾಡುತ್ತೆ, ಎರಡು ಮೊದ್ಲು ಕ್ಲಾಕ್ ಆಮೇಲೆ ರೆಗ್ಯುಲೇಟರ್. ಹುಡುಗ ಕ್ಲಾಕಿಗೂ ಇಂಟರಪ್ಟಿಗೂ ಮಧ್ಯ ಚಿಪ್ಪನ್ನ ರೀಸೆಟ್ ಸ್ಥಿತಿಯಿಂದ ಬಿಡಿಸೋ ಒಂದು ಹೆಜ್ಜೆ ಸೇರ್ಸಿದ್ದ, ಅದು ಫೇಲಾದ್ರೆ ಎರಡಕ್ಕೆ ಹಾರ್ಬೇಕಿತ್ತು, ಒಂದಕ್ಕೆ ಹಾರ್ತಿತ್ತು. ಅಂದ್ರೆ ರೆಗ್ಯುಲೇಟರ್ ಆಫ್ ಆಗುತ್ತೆ, ಕ್ಲಾಕ್ ಆನಾಗೇ ಉಳಿಯುತ್ತೆ. ನಾನು ಆ ಪ್ಯಾಚಿಗೆ 11 ಕಾಮೆಂಟ್ ಹಾಕಿದ್ದೆ, ಎಲ್ಲಾ ಸ್ಪೇಸು, ಅಲೈನ್ಮೆಂಟು, ಕೋಡಿನ ಟಿಪ್ಪಣಿಯಲ್ಲಿರೋ ಸ್ಪೆಲ್ಲಿಂಗು. ಈ ಸಾಲು ಮಾತ್ರ ಕಣ್ಣಿಗೇ ಬೀಳ್ಲಿಲ್ಲ. ಆಮೇಲೆ ಬೋರ್ಡು ಸಸ್ಪೆಂಡಲ್ಲೂ, ಅಂದ್ರೆ ಮಲಗಿದ್ದಾಗ್ಲೂ, ಬ್ಯಾಟರಿ ಕುಡೀತಾ ಇದೆ ಅಂತ ಮೂರು ದಿನ ತಡಕಾಡಿದ್ವಿ.

ಲೇಬಲ್ ಹೆಸ್ರು 'ಕ್ಲಾಕ್ ಆಫ್ ಮಾಡು' ಅಂತಿದ್ದಿದ್ರೆ ಓದ್ತಾನೇ ಹೊಡೀತಿತ್ತು. ಕರ್ನಲ್ ಸ್ಟೈಲ್ ದಾಖಲೆಯಲ್ಲೂ ಇದನ್ನೇ ಹೇಳಿದಾರೆ, ನಂಬರ್ ಹಾಕ್ಬೇಡಿ, ಗೋಟು ಏನ್ ಮಾಡುತ್ತೆ ಅನ್ನೋದನ್ನೇ ಹೆಸ್ರಿಡಿ ಅಂತ.

ಡೆವ್‌ಎಮ್ ಫಂಕ್ಷನ್, ಅಂದ್ರೆ ಬಿಚ್ಚೋ ಕೆಲ್ಸ ಕರ್ನಲ್‌ಗೇ ವಹಿಸೋ ತರದ್ದು, ಬಳಸಿದ್ರೆ ಈ ತಲೆನೋವೇ ಇಲ್ಲ ಅಂತೀರಾ? ಅದು ತಾನಾಗೇ ಉಲ್ಟಾ ಕ್ರಮದಲ್ಲಿ ಬಿಚ್ಚುತ್ತೆ ನಿಜ. ಆದ್ರೆ ಅರ್ಧ ಡೆವ್‌ಎಮ್ ಅರ್ಧ ಕೈಯಾರೆ ಮಾಡಿದ್ರೆ ಎಡವಟ್ಟು. ಡ್ರೈವರ್ ತೆಗೆಯುವಾಗ ನೀವು ಕೈಯಾರೆ ಕ್ಲಾಕ್ ಆಫ್ ಮಾಡಿರ್ತೀರಿ, ಡೆವ್‌ಎಮ್ ಇಂಟರಪ್ಟನ್ನ ಇನ್ನೂ ಬಿಟ್ಟಿರಲ್ಲ, ಆ ಗ್ಯಾಪಲ್ಲಿ ಒಂದು ಇಂಟರಪ್ಟ್ ಬಂದು ಅದಕ್ಕೆ ಓಗೊಡೋ ಹ್ಯಾಂಡ್ಲರು, ಸತ್ತ ಚಿಪ್ಪಿನ ರಿಜಿಸ್ಟರ್ ಓದಕ್ಕೆ ಹೋದ್ರೆ ಕೆಲವು ಚಿಪ್ಪಲ್ಲಿ ಇಡೀ ಸಿಸ್ಟಮ್ಮೇ ನಿಂತೋಗುತ್ತೆ.

ಈಗ ನಾನು ಪ್ರೋಬ್ ಫಂಕ್ಷನ್ನನ್ನ ಕೆಳಗಿಂದ ಮೇಲಕ್ಕೆ ಓದ್ತೀನಿ. ಆ ಹುಡುಗ ಅವತ್ತು ಕೇಳ್ದ, "ಸಾರ್, ಹಂಗಾದ್ರೆ ಆ 11 ಕಾಮೆಂಟ್ ಬಿಟ್ಬಿಡ್ಲಾ?" ಬಿಡ್ಬೇಡಪ್ಪ, ಮೊದ್ಲು ಕ್ಲಾಕ್ ಆಫ್ ಮಾಡು, ಅಂದೆ.