ಅಂಗಡಿಯವರು ಅಚ್ಚು ಹಾಕಿಸಿದ ಬಿಲ್ಲೆ

ಕೇಳುಗರಿಗೆ ನಮಸ್ಕಾರ.

ಹುಬ್ಬಳ್ಳಿ ದುರ್ಗದಬೈಲಿನಲ್ಲಿ ಚಿಲ್ಲರೆ ಇಲ್ಲವೆಂದು ಅಂಗಡಿಯವರು ಕೈಗೆ ಚಾಕಲೇಟು ಇಟ್ಟಿದ್ದು ನಿಮಗೂ ನೆನಪಿರಬೇಕು, ಅಲ್ವಾ? ಇದೇ ಪಜೀತಿ 1862ರಲ್ಲಿ ಅಮೆರಿಕದ ಅಂಗಡಿಯವರಿಗೂ ಬಂದಿತ್ತು. ಅವರು ತಾಮ್ರದ ಬಿಲ್ಲೆಗಳನ್ನೇ ಅಚ್ಚು ಹಾಕಿಸಿ ಚಿಲ್ಲರೆಯಾಗಿ ಕೊಟ್ಟರು. ನಾನು ಕೂಡಿಸುತ್ತಿರುವುದು ಆ ಬಿಲ್ಲೆಗಳನ್ನು.

ಅಲ್ಲಿ ಅಂತರ್ಯುದ್ಧ ನಡೆದಿತ್ತು. ಜನ ಹೆದರಿ ಚಿನ್ನ, ಬೆಳ್ಳಿಯ ನಾಣ್ಯ ಬಚ್ಚಿಟ್ಟರು. ಕೊನೆಗೆ ಒಂದು ಸೆಂಟಿನ ನಾಣ್ಯವೂ ಸಿಗದಾಯಿತು. ಸ್ವಲ್ಪ ದಿನ ಅಂಚೆಚೀಟಿಯಲ್ಲೇ ವ್ಯಾಪಾರ ನಡೆಯಿತು. ಆದರೆ ಅಂಟು ಹಚ್ಚಿದ ಚೀಟಿ ಎಷ್ಟು ಕೈ ದಾಟೀತು? ಆಮೇಲೆ ಬಂದವು ಈ ಬಿಲ್ಲೆಗಳು, ಅಂದಾಜು ಎರಡೂವರೆ ಕೋಟಿ.

ಕೆಲವದರ ಮೇಲೆ ಅಂಗಡಿಯ ಹೆಸರು, ಊರು. ಕೆಲವದರ ಮೇಲೆ ಬಾವುಟ, ದೇಶಪ್ರೇಮದ ಮಾತು. ಕೆಲವದರಲ್ಲಿ ‘ಒಂದು ಸೆಂಟ್’ ಎಂದು ದೊಡ್ಡದಾಗಿ ಬರೆದು, ಅದರ ಮೇಲೆ ಸಣ್ಣಗೆ ‘ಅಲ್ಲ’ ಎಂದು ಸೇರಿಸಿದ್ದಾರೆ. ಖೊಟ್ಟಿ ನಾಣ್ಯದ ಆರೋಪ ಬರಬಾರದಲ್ಲ!

ನ್ಯೂಯಾರ್ಕಿನಲ್ಲಿ ಲಿಂಡೆನ್‌ಮ್ಯೂಲರ್ ಎಂಬ ಬಿಯರ್ ಅಂಗಡಿಯವನು ತನ್ನ ಗಡ್ಡದ ಮುಖ ಕೊರೆಸಿ ಹತ್ತು ಲಕ್ಷಕ್ಕೂ ಜಾಸ್ತಿ ಬಿಲ್ಲೆ ಹೊರಡಿಸಿದ. ಕುದುರೆ ಟ್ರಾಮಿನವರು ಪ್ರಯಾಣಿಕರಿಂದ ಅವನ್ನು ತೆಗೆದುಕೊಂಡರು. ರಾಶಿ ಆದಮೇಲೆ ಅವನ ಹತ್ತಿರ ಒಯ್ದು ದುಡ್ಡು ಕೇಳಿದರು. ಅವನು ಕೊಡಲಿಲ್ಲ. ನನಗೆ ಈ ಪ್ರಸಂಗ ಓದಿದಾಗಲೆಲ್ಲ ಸಿಟ್ಟು ಬರುತ್ತದೆ. ಬಿಲ್ಲೆಯ ಬೆಲೆ ತಾಮ್ರದಲ್ಲಿರಲಿಲ್ಲ, ಕೊಟ್ಟವನ ಮಾತಿನಲ್ಲಿತ್ತು. 1864ರಲ್ಲಿ ಸರಕಾರ ಖಾಸಗಿ ಬಿಲ್ಲೆಗಳನ್ನು ನಿಷೇಧಿಸಿತು.

ನಮ್ಮಲ್ಲೂ ಎರಡನೇ ಮಹಾಯುದ್ಧ ಚಿಲ್ಲರೆಯನ್ನು ಮುಟ್ಟಿತ್ತು. 1943ರಿಂದ ಬಂದ ತೂತಿನ ಪೈಸೆ ಹಿರಿಯರಿಗೆ ಗೊತ್ತು. ಲೋಹ ಉಳಿಸಲು ನಡುವೆ ತೂತು ಬಿಟ್ಟಿದ್ದರು. ಗುಜರಾತದ ಕಡೆಯ ಮೋರ್ವಿಯಂಥ ಸಂಸ್ಥಾನಗಳು ಚಿಲ್ಲರೆಯ ಬದಲು ರಟ್ಟಿನ ಕೂಪನ್ನು ಹೊರಡಿಸಿದವು.

ಹೊಸದಾಗಿ ಕೂಡಿಸುವವರು ಮಿರಮಿರ ಮಿಂಚುವುದನ್ನೇ ಹುಡುಕುತ್ತಾರೆ. ನನಗೆ ಸವೆದದ್ದೇ ಇಷ್ಟ. ಹತ್ತಾರು ಜನ ಅದನ್ನು ನಂಬಿ ತೆಗೆದುಕೊಂಡಿದ್ದಾರೆ ಅಂತಲ್ಲವೇ ಆ ಸವೆತದ ಅರ್ಥ?

ಮೊದಲ ಬಿಲ್ಲೆ ಕೈಗೆ ಬಂದಾಗ, ಮನೆಯಲ್ಲಿ ತಾಮ್ರದ ತಂಬಿಗೆ ತಿಕ್ಕುವ ಹಾಗೆ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟೆ. ನೂರೈವತ್ತು ವರ್ಷದ ಕಂದು ಬಣ್ಣ ಒಂದು ನಿಮಿಷದಲ್ಲಿ ಹೋಯಿತು. ನಿಮ್ಮ ಅಜ್ಜಿಯ ಡಬ್ಬಿಯಲ್ಲಿ ತೂತಿನ ಪೈಸೆ ಸಿಕ್ಕರೆ ದಯವಿಟ್ಟು ತೊಳೆಯಬೇಡಿ. ಅಂಚು ಹಿಡಿದು ಎತ್ತಿ, ಒಣ ಕಾಗದದಲ್ಲಿ ಸುತ್ತಿಡಿ. ಅಜ್ಜಿ ಇದ್ದರೆ, ಅದಕ್ಕೆ ಆಗ ಏನು ಬರುತ್ತಿತ್ತು ಅಂತ ಇವತ್ತೇ ಕೇಳಿ ಬರೆದಿಡಿ.

ನಮಸ್ಕಾರ.